ಶಾಂತಮೂರ್ತಿಯ ಹತ್ತು ಕಂಪ್ಯೂಟರು

ಒಂದು ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು, ಆ ಬ್ರೌಸರಿನ ಒಂದು ಟ್ಯಾಬಿನೊಳಗೆ ಇನ್ನೊಂದು ಇಡೀ ಕಂಪ್ಯೂಟರನ್ನು ಓಡಿಸಬಹುದು. ಇದು ನಾನು ಕಟ್ಟಿದ್ದಲ್ಲ. ನನ್ನ ಬಾಯಿಂದ ಬರುವ ಮಾತುಗಳಲ್ಲಿ ಅಪರೂಪಕ್ಕೆ ನಿಜವಾಗಿರುವುದು ಇದೊಂದೇ. ಆ ಒಳಗಿನ ಕಂಪ್ಯೂಟರಿಗೂ ತನ್ನದೇ ಹಳೇ ವಿಂಡೋಸು, ತನ್ನದೇ ಗಡಿಯಾರ, ತನ್ನದೇ ಕಸದ ಬುಟ್ಟಿ ಇರುತ್ತವೆ. ಇದರಿಂದ ಏನು ಪ್ರಯೋಜನ ಎಂದು ತಿಳಿದವರು ಉದ್ದುದ್ದ ಬರೆದಿದ್ದಾರಂತೆ. ಹಳೇ ಕಾಲದ ಪ್ರೋಗ್ರಾಮು ಓಡಿಸಬಹುದು, ವೈರಸ್ಸು ಬಂದರೆ ಟ್ಯಾಬು ಮುಚ್ಚಿ ಟೀ ಕುಡಿಯಲು ಹೋಗಬಹುದು, ಹೀಗೆ. ಮದುವೆ ಆಗಬಹುದು ಎಂದು ಮಾತ್ರ ಯಾರೂ ಬರೆದ ಹಾಗಿಲ್ಲ. ಆ ಕೊರತೆ ತುಂಬಲು ಹೊರಟವನು ನಮ್ಮ ಯಳಂದೂರಿನ ಶಾಂತಮೂರ್ತಿ.

ಶಾಂತಮೂರ್ತಿಯ ಅಂಗಡಿ ಅವನ ಮನೆಯ ಮುಂದಿನ ಕೋಣೆಯಲ್ಲೇ ಇದೆ. ಅದರ ಪಕ್ಕದ ಟೈಲರ್ ಅಂಗಡಿ ನನ್ನದು. ಅವನ ಅಂಗಡಿಯಲ್ಲಿ ಇದ್ದದ್ದು ಒಂದು ಜೆರಾಕ್ಸ್ ಮಿಷನ್ನು, ಒಂದು ಕಂಪ್ಯೂಟರು, ಕೂತರೆ ಎಡಕ್ಕೆ ವಾಲುವ ಒಂದು ಕುರ್ಚಿ. ವಯಸ್ಸು ಮೂವತ್ತಾರು. ಹದಿನೆಂಟು ಮನೆಯವರು ಬಂದು ನೋಡಿ, ಜಮೀನೆಷ್ಟು ಎಂದು ಕೇಳಿ, ಸರ್ಕಾರಿ ಕೆಲಸ ಉಂಟಾ ಎಂದು ಕೇಳಿ, ಹಾಗಾದರೆ ಇನ್ನೇನಿದೆ ಎಂದು ಕೇಳಿ ಎದ್ದು ಹೋಗಿದ್ದರು. ಜೊತೆಗೆ ಅವನಿಗೆ ಒಂದು ಕಾಯಿಲೆ: ಸುಳ್ಳು ಹೇಳಲು ಬಾರದು. ಈ ಕಾಯಿಲೆ ಇರುವವರನ್ನು ಮದುವೆ ಮಾತಿಗೆ ಕೂರಿಸಲೇಬಾರದು ಎಂದು ನನ್ನ ಅಭಿಪ್ರಾಯ.

ಅವನ ಹತ್ತಿರ ಕಂಪ್ಯೂಟರ್ ಕಲಿಯಲು ಬರುವವರು ಕಲಿಯುವುದಕ್ಕಿಂತ ಕೆಡಿಸುವುದೇ ಹೆಚ್ಚು. ಅದಕ್ಕೇ ಅವರನ್ನೆಲ್ಲ ಆ ಟ್ಯಾಬಿನೊಳಗಿನ ಕಂಪ್ಯೂಟರಿಗೆ ಬಿಡುತ್ತಿದ್ದ. ಅವರು ಅದನ್ನು ಎಷ್ಟು ಬೇಕೋ ಅಷ್ಟು ಕೆಡಿಸಿ ಹೋಗುತ್ತಿದ್ದರು. ಇವನು ಟ್ಯಾಬು ಮುಚ್ಚಿ ಮತ್ತೆ ತೆರೆದರೆ ಅದು ಏನೂ ಆಗದವರ ಹಾಗೆ ಬಂದು ನಿಲ್ಲುತ್ತಿತ್ತು.

ಒಂದು ದಿನ ಮದುವೆ ದಲ್ಲಾಳಿ ಪುಟ್ಟಮಾದಪ್ಪ ಬಂದ.

"ಏನ್ಲಾ ಶಾಂತಮೂರ್ತಿ, ಎಷ್ಟ್ ಕಂಪ್ಯೂಟ್ರವೆ ನಿನ್ನತ್ರ?"

"ಒಂದೇ ಕಣಣ್ಣ. ಆದ್ರೆ ಅದ್ರೊಳಗೆ ಎಷ್ಟ್ ಬೇಕಾದ್ರೂ ತೆಗೀಬೌದು. ಒಂದ್ಸಲ ಹತ್ ತೆಗ್ದು ನೋಡಿದ್ದೆ, ತಡಕತ್ತು."

ಪುಟ್ಟಮಾದಪ್ಪನಿಗೆ ಬಸ್ಸಿಗೆ ಹೊತ್ತಾಗಿತ್ತು. ಇಷ್ಟುದ್ದ ಮಾತಿನಲ್ಲಿ ತನ್ನ ಚೀಲಕ್ಕೆ ಹಿಡಿಯುವಷ್ಟನ್ನು ಮಾತ್ರ ಎತ್ತಿಕೊಂಡ: ಹತ್ತು.

ಆ ಹತ್ತು ಸಂಜೆಯೊಳಗೆ ಕೊಳ್ಳೇಗಾಲ ದಾಟಿ, ಹನೂರು ದಾಟಿ, ಲೊಕ್ಕನಹಳ್ಳಿ ಆಚೆಗಿನ ಕಾಡಂಚಿನ ಒಂದು ಊರಿಗೆ ಹೋಗಿ, ಕೆಂಪನಂಜಪ್ಪನವರ ಜಗುಲಿಯ ಮೇಲೆ ಕೂತಿತು. ಕೆಂಪನಂಜಪ್ಪನವರು ಮುಸುಕಿನ ಜೋಳ ಬೆಳೆಯುವವರು. ಅದರಲ್ಲಿ ಅರ್ಧವನ್ನು ಆನೆ ತಿನ್ನುತ್ತದೆ, ಉಳಿದರ್ಧ ಅವರಿಗೆ. ಮಗಳು ಮಧುಶ್ರೀ, ಇಪ್ಪತ್ತೊಂಬತ್ತು ವರ್ಷ, ಬಿಕಾಂ, ಹನೂರಿನಲ್ಲಿ ಬಿತ್ತನೆ ಬೀಜದ ಅಂಗಡಿಯೊಂದರಲ್ಲಿ ಬಿಲ್ಲು ಹಾಕುವ ಕೆಲಸ. ಅವಳೂ ಹನ್ನೊಂದು ಗಂಡು ಬೇಡವೆಂದಿದ್ದಳು.

"ಸೋಮಾರ ಮನೆ ನೋಡಕ್ ಬತ್ತೀವಿ," ಎಂದರಂತೆ ಕೆಂಪನಂಜಪ್ಪ. "ಹತ್ತೂ ತೋರಿಸ್ಬೇಕು. ನಾನ್ ಎಣಿಸ್ದೆ ಒಪ್ಪವ್ನಲ್ಲ."

ನಮ್ಮ ಕಡೆ ಹೆಣ್ಣಿನವರು ಗಂಡಿನ ಮನೆ ನೋಡಲು ಬಂದರೆ ಎಣಿಸುತ್ತಾರೆ. ತೆಂಗಿನ ಮರ ಎಣಿಸುತ್ತಾರೆ, ಎಮ್ಮೆ ಎಣಿಸುತ್ತಾರೆ, ಬೋರ್‌ವೆಲ್ ನೀರು ಎಷ್ಟು ಇಂಚು ಎಂದು ಬೆರಳಿಟ್ಟು ನೋಡುತ್ತಾರೆ. ಹೊನ್ನೂರಿನಲ್ಲಿ ಒಬ್ಬರು ಹೆಂಚು ಎಣಿಸಲು ಸೂರಿಗೆ ಹತ್ತಿ, ಮದುವೆ ಮುಗಿದ ಮೇಲೆಯೇ ಇಳಿದರು ಎಂದು ನಾನು ಹಲವರಿಗೆ ಹೇಳಿದ್ದೇನೆ.

ಶನಿವಾರ ಪುಟ್ಟಮಾದಪ್ಪ ಸಿಹಿಸುದ್ದಿ ತಂದಾಗ ಶಾಂತಮೂರ್ತಿಯ ಮುಖ ಜೆರಾಕ್ಸ್ ಹಾಳೆಯ ಹಾಗಾಯಿತು.

"ಅಣ್ಣೋ, ಒಂದೇ ಅದೆ ಅಂತ ಈಗ್ಲೇ ಫೋನ್ ಮಾಡ್ಬುಡು."

"ಮಾಡ್ತೀನಿ ಬುಡು, ಅದಕ್ಕೇನು. ಹತ್ತೊಂಬತ್ತನೇ ಮನೆ ಆಯ್ತದೆ, ಅಷ್ಟೆ. ನಿಮ್ಮವ್ವನ್ಗೆ ಮಾತ್ರ ನೀನೇ ಹೇಳು."

ಅವ್ವ ವೀರಮ್ಮ ಆಗಲೇ ಕಜ್ಜಾಯಕ್ಕೆ ಅಕ್ಕಿ ನೆನೆಹಾಕಿ ಬಾಗಿಲಲ್ಲಿ ನಿಂತಿದ್ದರು. ಹದಿನೆಂಟು ಸಲ ನೆನೆಹಾಕಿದ ಕೈ ಅದು. ಶಾಂತಮೂರ್ತಿ ಅವರ ಮುಖ ನೋಡಿದ, ಕಂಪ್ಯೂಟರಿನ ಮುಖ ನೋಡಿದ. ಹತ್ತು ತೋರಿಸಿದರೆ ಅದೇನೂ ಸುಳ್ಳಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಭಾನುವಾರ ಅವನು ಹತ್ತು ಟ್ಯಾಬು ತೆರೆದು, ಹತ್ತರೊಳಗೂ ಒಂದೊಂದು ಕಂಪ್ಯೂಟರ್ ಎಬ್ಬಿಸಿದ. ಸಿಪಿಯು ಫ್ಯಾನಿನ ಸದ್ದಿಗೆ ಬಸ್ ನಿಲ್ದಾಣದಲ್ಲಿದ್ದವರು ಕೊಳ್ಳೇಗಾಲದ ಬಸ್ಸು ಬಂತೆಂದು ಚೀಲ ಎತ್ತಿಕೊಂಡರು. ವೀರಮ್ಮ ಬಂದು ಒಂದೊಂದು ಕಂಪ್ಯೂಟರಿಗೂ ವಿಭೂತಿ ಹಚ್ಚಿದರು. ಹತ್ತೂ ಇದ್ದದ್ದು ಒಂದೇ ಗಾಜಿನ ಹಿಂದೆ. ಆದ್ದರಿಂದ ಆರನೆಯದು ಮುಗಿಯುವ ಹೊತ್ತಿಗೆ ಒಳಗೇನಿದೆ ಎಂದು ಶಿವನಿಗೇ ಕಾಣುವಂತಿರಲಿಲ್ಲ.

ಎದುರುಮನೆಯ ಪುಟ್ಟಗೌರಮ್ಮನಿಗೆ ಸುದ್ದಿ ಹೋಯಿತು.

"ಅಲ್ಲಾ ವೀರಕ್ಕ, ಹತ್ ಕಂಪ್ಯೂಟ್ರಂತೆ! ಈ ಗುಬ್ಬಚ್ಚಿ ಗೂಡ್ನಲ್ಲಿ ಎಲ್ ಮಡಗಿದ್ದೀರಿ?"

"ಒಂದ್ರೊಳಗ್ ಒಂದ್ ಮಡಗವ್ನೆ ಕಣಕ್ಕ."

"ಡಬರಿ ಜೋಡಿಸ್ದಂಗಾ?"

"ಹಂಗೇಯ."

ಪುಟ್ಟಗೌರಮ್ಮ ಮೆಚ್ಚಿ ತಲೆಯಾಡಿಸಿದಳು. ತನ್ನ ಮನೆಯ ಅಲ್ಮೇರಾವನ್ನೂ ಹೀಗೆ ಯಾವುದಾದರೊಂದರ ಒಳಗೆ ಇಟ್ಟುಕೊಡಲು ಆಗುತ್ತದಾ, ಓಡಾಡಲು ಜಾಗ ಇಲ್ಲ ಎಂದು ಕೇಳಿದಳು. ವೀರಮ್ಮ, ಮಗನನ್ನು ಕೇಳಿ ಹೇಳುತ್ತೇನೆ ಎಂದರು.

ಮಧ್ಯಾಹ್ನ ಲೈನ್‌ಮನ್ ಮುತ್ತಯ್ಯ ಬಂದ. ನೇರ ಮೀಟರಿನ ಹತ್ತಿರ ಹೋಗಿ, ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿದ.

"ಹತ್ ಕಂಪ್ಯೂಟ್ರು ಓಡಿಸ್ತಿದ್ದೀಯಂತೆ. ಪ್ಲಗ್ ಒಂದೇ ಅದೆ. ಮಿಕ್ಕ ಒಂಬತ್ಕೆ ಕರೆಂಟ್ ಎಲ್ಲಿಂದ್ಲಾ?"

"ಅವು ಕರೆಂಟ್ ತಗಳಲ್ಲ ಸಾ. ಇದೇ ಅವಕ್ಕೂ ಸೇರಿಸ್ಕಂಡು ತಗತದೆ."

"ಇಪ್ಪತ್ತಾರು ವರ್ಸ ಕಂಬ ಹತ್ತಿವ್ನಿ. ಕರೆಂಟ್ ತಗಳ್ದೆ ಓಡೋದು ನಾನ್ ನೋಡಿರೋದ್ ಒಂದೇ, ನಮ್ಮತ್ತೆ ಬಾಯಿ. ಎಲ್ಲಿ ಕೊಕ್ಕೆ ಹಾಕಿದ್ದೀಯ ಹೇಳು."

ಮುತ್ತಯ್ಯ ಸೂರು ಹತ್ತಿದ, ಹಿತ್ತಲು ನೋಡಿದ, ಕೊಟ್ಟಿಗೆಯಲ್ಲಿ ಎಮ್ಮೆಯನ್ನು ಎಬ್ಬಿಸಿ ಅದರ ಕೆಳಗೂ ನೋಡಿದ. ಒಂದು ತಂತಿಯೂ ಸಿಗಲಿಲ್ಲ. ಕೊನೆಗೆ ಶಾಂತಮೂರ್ತಿಯ ಭುಜದ ಮೇಲೆ ಕೈಯಿಟ್ಟು ಪಿಸುಗುಟ್ಟಿದ: "ಲೇ, ನಮ್ಮನೆ ಪಂಪ್‌ಸೆಟ್ನೂ ಇದ್ರೊಳಕ್ ಹಾಕ್ಕೊಡಕ್ ಆದದಾ?"

ಸೋಮವಾರ ಹತ್ತು ಗಂಟೆಗೆ ಟೆಂಪೋ ಬಂತು. ಒಂಬತ್ತು ಜನ ಇಳಿದರು. ಹುಡುಗಿ ತಾನೇ ಗಂಡಿನ ಮನೆ ನೋಡಲು ಬರುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಮಧುಶ್ರೀ ಬಂದಿದ್ದಳು. ಬರಬೇಡ ಎಂದವರಿಗೆ "ನಿಮ್ಮಲ್ಲಿ ಕಂಪ್ಯೂಟರ್ ಗುರ್ತ್ ಹಿಡಿಯೋರ್ ಯಾರವ್ರೆ, ಹೇಳಿ" ಎಂದು ಕೇಳಿ, ಉತ್ತರ ಬರುವ ಮೊದಲೇ ಹತ್ತಿ ಕೂತಳಂತೆ. ಕೆಂಪನಂಜಪ್ಪನವರ ಅಂಗಿಯ ಎಡ ಜೇಬಿನಲ್ಲಿ ಒಂದು ಹಿಡಿ ಹುಣಸೆ ಬೀಜ ಇತ್ತು. ಕಂಡ ಒಂದೊಂದು ಆಸ್ತಿಗೂ ಒಂದೊಂದು ಬೀಜ ಬಲ ಜೇಬಿಗೆ ಹೋಗಬೇಕು. ಅದು ಅವರ ಲೆಕ್ಕ.

ವೀರಮ್ಮ ಒಂಬತ್ತು ಕಜ್ಜಾಯವಿದ್ದ ತಟ್ಟೆ ತಂದಿಟ್ಟರು. ಎಲ್ಲರೂ ಕೈ ಮುಗಿದು ನೀರು ಮಾತ್ರ ಕುಡಿದರು. ಒಪ್ಪಿಗೆ ಆಗುವವರೆಗೆ ಗಂಡಿನ ಮನೆಯಲ್ಲಿ ಹೆಣ್ಣಿನವರು ಬಾಯಿಗೆ ಏನೂ ಹಾಕುವುದಿಲ್ಲ. ಒಂದು ಚೂರು ಸಿಹಿ ತಿಂದರೂ ಹೆಣ್ಣು ಕೊಟ್ಟಂತೆಯೇ. ಕಜ್ಜಾಯದ ಪರಿಮಳಕ್ಕೆ ಒಂಬತ್ತು ಜನರೂ ಉಗುಳು ನುಂಗಿದ ಸದ್ದು ನನ್ನ ಅಂಗಡಿಗೆ ಕೇಳಿಸಿತು. ಏನಾಗುತ್ತದೆ ನೋಡೋಣವೆಂದು ನಾನೂ ಹೊಲಿಗೆ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತೆ.

"ಎಲ್ಲಪ್ಪಾ ಹತ್ತು?" ಕೆಂಪನಂಜಪ್ಪ ಕೇಳಿದರು.

"ಇದ್ರೊಳಗವೆ ಸಾ." ಶಾಂತಮೂರ್ತಿ ಮೊದಲನೇ ಟ್ಯಾಬು ತೋರಿಸಿದ. ಒಂದು ಬೀಜ ದಾಟಿತು. ಎರಡನೆಯದು ತೋರಿಸಿದ. ಬೀಜ ಬೆರಳ ತುದಿಯಲ್ಲೇ ನಿಂತಿತು.

"ಇದು ಮೊದಲಿಂದೇ ಅಲ್ವಾ? ಅದೇ ಬಣ್ಣ, ಅದೇ ಮುಖ."

"ಬೇರೆ ಸಾ. ನೋಡಿ, ಮೊದಲನೇದ್ರಲ್ಲಿ ನಿಮ್ ಹೆಸ್ರು ಹೊಡೀತೀನಿ. ಎರಡನೇದ್ರಲ್ಲಿ ಅದೆಯಾ?"

ಇರಲಿಲ್ಲ. ಬೀಜ ದಾಟಿತು.

ಮಧುಶ್ರೀಯ ಚಿಕ್ಕಪ್ಪ ಕುಮಾರಸ್ವಾಮಿ ಯಾವ ಮದುವೆಯಲ್ಲೂ ಒಂದು ತಕರಾರು ತೆಗೆಯದೆ ಊಟಕ್ಕೆ ಕೂತವರಲ್ಲ. ಅವರು ಕಂಪ್ಯೂಟರಿನ ಹಿಂದೆ ಹೋಗಿ ಬಗ್ಗಿ ನೋಡಿದರು. "ಅಣ್ಣ, ಹಿಂದ್ಗಡೆ ಯಾವ್ದೂ ಇಲ್ಲ!"

"ಒಳಗವೆ ಅಂದ್ನಲ್ಲ ಕಣ್ಲಾ, ಹಿಂದ್ಗಡೆ ಯಾಕ್ ಇರ್ತವೆ? ಎಣಿಸಕ್ ಬುಡು."

ಹತ್ತು ಬೀಜ ದಾಟಿದವು. ಪುಟ್ಟಮಾದಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಆಗ ಮಧುಶ್ರೀ ಮೊದಲ ಸಲ ಬಾಯಿ ತೆರೆದಳು.

"ಟ್ಯಾಬ್ ಮುಚ್ಚಿದ್ರೆ ಏನಾಯ್ತದೆ?"

ಬೇರೆ ಯಾವ ಗಂಡಾಗಿದ್ದರೂ ಕೆಮ್ಮುತ್ತಿದ್ದ. ಶಾಂತಮೂರ್ತಿ "ಓಯ್ತದೆ" ಎಂದು, ಒಂದನ್ನು ಮುಚ್ಚಿಯೇ ತೋರಿಸಿದ.

ಕೆಂಪನಂಜಪ್ಪ ಒಂದು ಬೀಜ ಎಡ ಜೇಬಿಗೆ ವಾಪಸ್ ಹಾಕಿದರು. ಶಾಂತಮೂರ್ತಿ ಗಾಬರಿಯಿಂದ ಮತ್ತೆ ತೆರೆದ. ಬೀಜ ಬಲಕ್ಕೆ ಬಂತು.

"ಇದೇನ್ ಆಸ್ತಿ!" ಕುಮಾರಸ್ವಾಮಿ ಕೂಗಿದರು. "ಒಂದ್ ಬೆಳ್ಳಲ್ಲಿ ಒತ್ತಿದ್ರೆ ಇಲ್ಲ! ಏಳಣ್ಣ, ಓಗವ."

ಮಧುಶ್ರೀ ಏಳಲಿಲ್ಲ. "ಇದ್ರಿಂದ ನಿಮ್ಗೇನ್ ಉಪ್ಯೋಗ?"

"ಕಲಿಯಕ್ ಬರೋರು ಕೆಡಿಸ್ತರೆ," ಎಂದ ಶಾಂತಮೂರ್ತಿ. "ಹೊರಗಿನ್ದನ್ನ ಕೆಡಿಸಿದ್ರೆ ರಿಪೇರಿಗೆ ಮೈಸೂರ್ಗೆ ತಕಂಡ್ ಓಗ್ಬೇಕು. ಇದ್ನ ಕೆಡಿಸ್ಲಿ ಅಂತ ಬುಟ್ಬುಡ್ತೀನಿ. ಊರೋರ್ ಪೆನ್‌ಡ್ರೈವ್ನಲ್ಲಿ ಏನಾರ ರೋಗ ಇದ್ರೂ ಇದ್ರಲ್ಲೇ ತೆಗ್ದ್ ನೋಡ್ತೀನಿ."

"ಕೆಡಿಸಿದ್ರೆ ಬೈಯಲ್ವಾ?"

"ಬೈಯಕ್ಕೇನದೆ? ಮುಚ್ಚಿ ತೆಗುದ್ರೆ ಹೊಸದಾಗ್ ಬತ್ತದೆ. ಕೆಡಿಸ್ದೆ ಯಾರ್ ಕಲ್ತವ್ರೆ?"

ಬೀಜದ ಅಂಗಡಿಯಲ್ಲಿ ಒಂದು ಬಿಲ್ಲು ತಪ್ಪಿದರೆ ಮೂರು ದಿನ ಬೈಸಿಕೊಳ್ಳುವ ಮಧುಶ್ರೀ ಅವನನ್ನು ಒಂದು ಸಲ ನೆಟ್ಟಗೆ ನೋಡಿದಳು. ಆದರೆ ಅಷ್ಟರಲ್ಲಿ ಕುಮಾರಸ್ವಾಮಿ ಅರ್ಧ ಜನರನ್ನು ಟೆಂಪೋ ಹತ್ತಿಸಿಯಾಗಿತ್ತು. ವೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಹತ್ತೊಂಬತ್ತನೇ ಮನೆ ಎದ್ದೇ ಬಿಟ್ಟಿತು ಎಂದು ನಾನೂ ಲೆಕ್ಕ ಹಾಕಿದೆ.

ಮಧುಶ್ರೀಯನ್ನು ಬಿಟ್ಟರೆ ಕದಲದಿದ್ದವರು ಕೆಂಪನಂಜಪ್ಪ ಒಬ್ಬರೇ. ಅವರ ಮೂಗು ಗಾಜಿಗೆ ಮುಟ್ಟುವಷ್ಟು ಹತ್ತಿರ ಹೋಗಿತ್ತು.

"ಇದ್ರಲ್ಲಿ... ಆ ಇಸ್ಪೀಟೆಲೆ ಆಟ ಅದೆಯಾ?"

"ಯಾವ್ದು ಸಾ?"

"ಒಬ್ರೇ ಆಡೋದು ಕಣಪ್ಪ. ಗೆದ್ರೆ ಎಲೆಯೆಲ್ಲ ಪುಟೀತಾ ಪುಟೀತಾ ಬೀಳ್ತವಲ್ಲ." ಅವರ ದನಿ ತಗ್ಗಿತು. "ನಮ್ ಹಾಲಿನ ಡೈರೀಲಿ ಡೈರೆಕ್ಟರ್ ಆಗಿದ್ದಾಗ ಒಂದ್ ಕಂಪ್ಯೂಟ್ರಿತ್ತು. ಮೀಟಿಂಗ್ ಮುಗುದ್ಮೇಲೆ ಆಡ್ತಿದ್ದೆ. ಹೊಸದ್ ಬಂತು, ಅದ್ನ ಗುಜ್ರಿಗೆ ಹಾಕ್ಬುಟ್ರು. ಹೊಸದ್ರಲ್ಲಿ ಒಂದಾಟ ಆಡಿದ್ರೆ ಎರಡು ಜಾಯಿರಾತು ನೋಡ್ಬೇಕು. ಹದಿನಾರ್ ವರ್ಸ ಆಯ್ತು."

ಶಾಂತಮೂರ್ತಿ ಏಳನೇ ಟ್ಯಾಬಿನಲ್ಲಿ ಅದನ್ನು ತೆರೆದುಕೊಟ್ಟ. ಹಸಿರು ಹಾಸು, ಅದರ ಮೇಲೆ ಸಾಲಾಗಿ ಎಲೆ. ಕೆಂಪನಂಜಪ್ಪ ವಾಲುವ ಕುರ್ಚಿಯಲ್ಲಿ ಕೂತರು. ಕುರ್ಚಿಯ ಜೊತೆಗೆ ಅವರೂ ಎಡಕ್ಕೆ ವಾಲಿದರು. ಕಜ್ಜಾಯದ ತಟ್ಟೆ ಎಡಕ್ಕೇ ಇತ್ತು.

ಹನ್ನೊಂದಾಯಿತು, ಹನ್ನೆರಡಾಯಿತು. ಟೆಂಪೋ ಡ್ರೈವರ್ ಹಾರ್ನ್ ಹೊಡೆದು ಹೊಡೆದು ನಿದ್ದೆ ಹೋದ. ಟೆಂಪೋ ಹತ್ತಿದವರು ಒಬ್ಬೊಬ್ಬರಾಗಿ ಇಳಿದು ಬಂದು ಕುರ್ಚಿಯ ಹಿಂದೆ ನಿಂತು ಸಲಹೆ ಕೊಡತೊಡಗಿದರು.

"ಕೆಂಪ್ ರಾಣಿ ಮೇಕಿಡಣ್ಣ."

"ಕಪ್ ಗುಲಾಮ ಕೆಳಗವ್ನೆ, ಕಣ್ ಕಾಣ್ಸಲ್ವಾ?"

"ಸುಮ್ಕಿರ್ರೋ! ಎಣಿಸ್ತಾ ಇವ್ನಿ."

ಕೊನೆಗೆ ಒಂದಾಟ ಗೆದ್ದರು. ಎಲೆಗಳು ಪುಟಿಯುತ್ತಾ ಜಲಪಾತದ ಹಾಗೆ ಸುರಿದವು. ಅರವತ್ತೆರಡು ವರ್ಷದ ಕೆಂಪನಂಜಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕುಮಾರಸ್ವಾಮಿಯೂ ಮರೆತು ತಟ್ಟಿದರು. ಪುಟ್ಟಗೌರಮ್ಮ ಎದುರುಮನೆಯಿಂದ, ಶಾಸ್ತ್ರ ಮುಗಿಯಿತೆಂದುಕೊಂಡು, ಸೋಬಾನೆಯ ಎರಡು ಸಾಲು ಹೇಳಿಯೂಬಿಟ್ಟಳು.

ಆಗ ಕರೆಂಟು ಹೋಯಿತು. ಯುಪಿಎಸ್ ಎರಡು ಸಲ ಕುಂಯ್ ಎಂದು ಪ್ರಾಣ ಬಿಟ್ಟಿತು. ಹತ್ತು ಕಂಪ್ಯೂಟರೂ ಒಂದೇ ಕ್ಷಣದಲ್ಲಿ ಕಪ್ಪಾದವು.

ನೋಡಲು ಆಟ ಇಲ್ಲದ ಮೇಲೆ ಕುಮಾರಸ್ವಾಮಿಯ ಕಣ್ಣು ತಟ್ಟೆಯ ಮೇಲೆ ಬಿತ್ತು.

"ಅಣ್ಣಾ... ತಟ್ಟೇಲಿದ್ದ ಕಜ್ಜಾಯ ಎಲ್ಲಿ?"

"ಯಾವ್ ಕಜ್ಜಾಯ?" ಎಂದರು ಕೆಂಪನಂಜಪ್ಪ. ಅವರ ಮೀಸೆಯ ತುಂಬ ಎಳ್ಳು.

ಸೋತಾಗ ಸಿಟ್ಟಿಗೆ ಒಂದು, ಕೈಗೂಡಿದಾಗ ಖುಷಿಗೆ ಒಂದು. ಒಂಬತ್ತೂ ಮುಗಿದಿದ್ದವು. ಒಪ್ಪಿಗೆಯಿಲ್ಲದೆ ತಿಂದವರು ನಮ್ಮ ತಾಲ್ಲೂಕಿನಲ್ಲಿ ಹಿಂದೆ ಯಾರೂ ಇರಲಿಲ್ಲ. ಆದ್ದರಿಂದ ಮುಂದೇನು ಎಂದು ಯಾರಿಗೂ ಗೊತ್ತಿರಲಿಲ್ಲ.

"ಆಟದ್ ಗ್ಯಾನದಲ್ ತಿಂದದ್ದು. ಅದು ಲೆಕ್ಕಕ್ಕಿಲ್ಲ!" ಎಂದರು ಕುಮಾರಸ್ವಾಮಿ.

ಪುಟ್ಟಮಾದಪ್ಪ ಎರಡು ದಿನದಿಂದ ಬಾರದಿದ್ದ ಉಸಿರನ್ನು ಒಮ್ಮೆಲೇ ಎಳೆದುಕೊಂಡ. "ಒಟ್ಟೆಗೋದ್ದು ಲೆಕ್ಕಕ್ಕಿಲ್ವಾ? ಒಂದ್ ತಿಂದ್ರೆ ಒಪ್ಗೆ ಸ್ವಾಮಿ. ಒಂಬತ್ ತಿಂದವ್ರೆ! ಇದು ಲಗ್ನಪತ್ರಿಕೆ ಬರೆಸ್ದಂಗೇಯ!"

ಇನ್ನೇನು ಬೇಕು? ಸುಮ್ಮನಿದ್ದರೆ ಮದುವೆ. ಆದರೆ ಶಾಂತಮೂರ್ತಿಯ ಕಾಯಿಲೆ ಕೆರಳಿತು.

"ಸಾ, ನಂದೊಂದ್ ಮಾತು."

ಪುಟ್ಟಮಾದಪ್ಪ ಅವನ ಕಾಲು ತುಳಿದ. ಪ್ರಯೋಜನವಾಗಲಿಲ್ಲ.

"ಕಜ್ಜಾಯ ತಿಂದ್ಬುಟ್ರಿ ಅಂತ ಹೆಣ್ ಕೊಡ್ಬೇಡಿ ಸಾ. ನಂತಾವ ಇರೋದು ಒಂದೇ ಕಂಪ್ಯೂಟ್ರು. ಮಿಕ್ಕವು ಅದ್ರ ನೆಳ್ಳಿದ್ದಂಗೆ. ಕರೆಂಟ್ ಓದ್ರೆ ಹತ್ತೂ ಒಟ್ಗೇ ಓಯ್ತವೆ, ಈಗ್ ನೋಡಿದ್ರಲ್ಲ."

ವೀರಮ್ಮ ತಿರುಗಿ ಅಡಿಗೆಮನೆಗೆ ನಡೆದರು. ಕೆಂಪನಂಜಪ್ಪ ನಿಧಾನವಾಗಿ ಬಲ ಜೇಬಿಗೆ ಕೈ ಹಾಕಿ, ಬೀಜಗಳನ್ನು ಮೇಜಿನ ಮೇಲೆ ಒಂದೊಂದಾಗಿ ಇಟ್ಟರು. ಹತ್ತು.

"ಏನಂದೆ? ಒಂದಾ? ಎಣಿಸಿರೋದ್ ಯಾರ್ ಗೊತ್ತಾ? ಹೊಲದಲ್ಲಿ ಹೆಜ್ಜೆ ನೋಡಿ ಆನೆ ಎಷ್ಟ್ ಬಂದಿದ್ವು ಅಂತ ಎಣಿಸವ್ನು ನಾನು. ಮರಿ ಎಷ್ಟು, ಕೊಂಬಿಂದೆಷ್ಟು ಅಂತ ಫಾರೆಸ್ಟ್‌ನವ್ರೇ ಬಂದ್ ಕೇಳ್ತರೆ. ಒಂದ್ನ ಹತ್ತು ಅಂತ ಎಣಿಸ್ದ ಅಂತ ಊರ್ನಲ್ ಆಡ್ಕಳ್ಳಿ ಅಂತಾನಾ? ಹತ್ತು ಅನ್ಲಾ!"

"ಒಂದು ಸಾ."

"ಹತ್ತು ಅನ್ನು!"

"ಒಂದೇಯ ಸಾ."

"ಕರೆಂಟ್ ಬಂದ್ಮೇಲೆ ಎದ್ ಬತ್ತವೋ ಇಲ್ವೋ?"

"ಬತ್ತವೆ."

"ಆನೆ ಮೇದೋದ ಜ್ವಾಳ ಎದ್ ಬತ್ತದಾ? ಮತ್ತೆ! ನಂಗಿಂತ ನಿನ್ ಆಸ್ತಿನೇ ವಾಸಿ. ಹತ್ತು!"

ಗಂಡಿನ ಆಸ್ತಿ ಹೆಚ್ಚಿಸಬೇಕೆಂದು ಹೆಣ್ಣಿನ ಅಪ್ಪನೂ, ಇಳಿಸಬೇಕೆಂದು ಗಂಡೂ ಹೀಗೆ ಕೈಮಿಲಾಯಿಸುವ ಹಂತಕ್ಕೆ ಹೋದದ್ದನ್ನು ನಾನು ನನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಕಥೆಯಲ್ಲೂ ಹೇಳಿರಲಿಲ್ಲ.

"ಅಪ್ಪಾ," ಎಂದಳು ಮಧುಶ್ರೀ. "ಅಲ್ಲಿರೋದು ಒಂದೇ. ಟೆಂಪೋ ಇಳಿಯೋವಾಗ್ಲೇ ನೋಡ್ದೆ."

"ಗೊತ್ತಿದ್ದೂ ಸುಮ್ಕಿದ್ಯಾ?"

"ಇವ್ರು ಯಾವಾಗ್ ಹೇಳ್ತರೆ ಅಂತ ಕಾಯ್ತಿದ್ದೆ."

ಎಲ್ಲರೂ ಶಾಂತಮೂರ್ತಿಯನ್ನು ನೋಡಿದರು. ಶಾಂತಮೂರ್ತಿ ಎಲ್ಲಿ ನೋಡಬೇಕೆಂದು ತಿಳಿಯದೆ ಕಪ್ಪು ಗಾಜನ್ನೇ ನೋಡಿದ. ಮಧುಶ್ರೀ ಎದ್ದು ಬಂದು ತಟ್ಟೆ ಎತ್ತಿಕೊಂಡಳು. ಓರೆ ಮಾಡಿ ನೋಡಿದಳು. ಎರಡು ಎಳ್ಳು ಬಿಟ್ಟರೆ ಏನೂ ಇರಲಿಲ್ಲ. ಅದನ್ನು ಹಿಡಿದುಕೊಂಡೇ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತಳು.

"ಅತ್ತೆ, ಕಜ್ಜಾಯ ಇನ್ನೂ ಅವಾ? ಅಪ್ಪ ನಂಗೊಂದೂ ಉಳಿಸಿಲ್ಲ."

ವೀರಮ್ಮ ಒಲೆಯ ಮೇಲೆ ಬಾಣಲೆ ಇಟ್ಟ ಸದ್ದು ಮಾತ್ರ ಕೇಳಿಸಿತು. ಅದರ ಹಿಂದೆಯೇ ಕರೆಂಟು ಬಂತು, ಫ್ಯಾನು ಮೊರೆಯಿತು. ಮನೆಯಲ್ಲಿ ಅಷ್ಟು ದೊಡ್ಡದೊಂದು ಮಾತು ನಡೆದುಹೋದದ್ದು ಕೆಂಪನಂಜಪ್ಪನವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಅವರು ಆಗಲೇ ಕುರ್ಚಿಯಲ್ಲಿ ಎಡಕ್ಕೆ ವಾಲಿ ಕೂತಿದ್ದರು.

"ಅಳಿಯಂದ್ರೇ," ಎಂದರು, "ಆ ಏಳ್ನೇದ್ನ ಒಸಿ ಎಬ್ಬಿಸ್ರಿ."